ಶಾಲು ಹೊದಿಸಿದರೆ ಸಾಲದು

ಪರೀಕ್ಷೆಯ ಕಾಲ ಬಂತೆಂದರೆ ಬೆಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸ್ಕ್ರೈಬ್ ಬೇಕು ಎಂಬ ಕೋರಿಕೆ ಹರಿದಾಡತೊಡಗುತ್ತದೆ. ಅಂಧ ವಿದ್ಯಾರ್ಥಿ ಹೇಳಿದ ಉತ್ತರವನ್ನು ಕೇಳಿಸಿಕೊಂಡು ಹಾಳೆಗೆ ಇಳಿಸುವವರೇ ಸ್ಕ್ರೈಬ್. ಕೆಲಸ ಸುಲಭದ್ದಲ್ಲ. ಹೇಳಿದ್ದು ತಪ್ಪೆಂದು ಗೊತ್ತಿದ್ದರೂ ತಿದ್ದುವಂತಿಲ್ಲ, ಬಿಟ್ಟುಹೋದದ್ದನ್ನು ನೆನಪಿಸುವಂತಿಲ್ಲ. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು. ಅಂದರೆ ಮೂರು ಗಂಟೆಯ ಪತ್ರಿಕೆ ನಾಲ್ಕು ಗಂಟೆಗೆ ಹಿಗ್ಗುತ್ತದೆ. ಇದಕ್ಕಾಗಿ ಗೃಹಿಣಿಯರು, ನಿವೃತ್ತರು, ಕಚೇರಿಗೆ ರಜೆ ಹಾಕಿದವರು ಬಿಡಿಗಾಸೂ ಕೇಳದೆ ಬರುತ್ತಾರೆ.

ಹಾಗೆ ಬಂದವರು ಮುಂದಿನ ವರ್ಷವೂ ಬರುತ್ತಾರೆಯೇ?

ಸೇವಾ ಸಂಸ್ಥೆಗಳನ್ನು ಕಾಡುವ ಪ್ರಶ್ನೆ ಇದು. ನಮ್ಮಲ್ಲಿ ಗೌರವ ಎಂದರೆ ವರ್ಷಕ್ಕೊಂದು ಸಮಾರಂಭ: ಹಾರ, ಶಾಲು, ಸ್ಮರಣಿಕೆ. ಅದು ಬೇಡವೆಂದಲ್ಲ. ಆದರೆ ಅಷ್ಟಕ್ಕೇ ಜನ ಉಳಿಯುವುದಿಲ್ಲ. ಅಮೆರಿಕದ ಸಂಶೋಧಕರಾದ ಮಾರ್ಕ್ ಹೇಗರ್ ಮತ್ತು ಜೆಫ್ರಿ ಬ್ರಡ್ನಿ ಅಲ್ಲಿನ ಸೇವಾ ಸಂಸ್ಥೆಗಳನ್ನು ಸಮೀಕ್ಷೆ ಮಾಡಿ 2004ರಲ್ಲಿ ವರದಿ ಪ್ರಕಟಿಸಿದರು. ಸ್ವಯಂಸೇವಕರನ್ನು ಗುರುತಿಸಿ ಗೌರವಿಸುವ, ಅವರಿಗೆ ತರಬೇತಿ ಕೊಡುವ, ಅವರವರಿಗೆ ಒಗ್ಗುವ ಕೆಲಸ ಒಪ್ಪಿಸುವ ಕಡೆ ಜನ ಹೆಚ್ಚು ಉಳಿಯುತ್ತಿದ್ದರು. ಮೇಲ್ವಿಚಾರಣೆ ಹೆಚ್ಚಿದ್ದ ಕಡೆ ಉಳಿಯುವವರು ಕಡಿಮೆ! ಸಂಬಳವಿಲ್ಲದೆ ದುಡಿಯುವವರನ್ನು ನೌಕರರಂತೆ ನಡೆಸಿಕೊಂಡರೆ ಅವರಿಗೆ ರುಚಿಸುವುದಿಲ್ಲ ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು.

ಒಗ್ಗುವ ಕೆಲಸ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸ್ವತಃ ಅಂಧರಾದ ಮಧು ಸಿಂಘಾಲ್ 1990ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಮಿತ್ರ ಜ್ಯೋತಿ’ ಸಂಸ್ಥೆಯಲ್ಲಿ ಧ್ವನಿಪುಸ್ತಕಗಳ ಗ್ರಂಥಾಲಯವಿದೆ. ಸ್ವಯಂಸೇವಕರು ಪುಸ್ತಕ ಓದಿ ಅದಕ್ಕೆ ದನಿ ಕೊಡುತ್ತಾರೆ. ಪರೀಕ್ಷಾ ಕೊಠಡಿಯಲ್ಲಿ ನಾಲ್ಕು ಗಂಟೆ ಕೂರಲಾಗದವರಿಗೂ ಒಳ್ಳೆಯ ದನಿ, ಸ್ಪಷ್ಟ ಉಚ್ಚಾರ ಇರಬಹುದು. ಯಾರಿಗೆ ಯಾವ ಕೆಲಸ ಸರಿಹೋಗುತ್ತದೆ ಎಂದು ಮೊದಲೇ ಕೇಳಿ ತಿಳಿಯುವುದೂ ಒಂದು ಮರ್ಯಾದೆಯೇ.

ಇನ್ನೊಂದು ಮರ್ಯಾದೆ, ಮಾಡಿದ ಕೆಲಸ ಏನಾಯಿತೆಂದು ತಿಳಿಸುವುದು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ರಕ್ತದಾನಿಗಳು ಕೊಟ್ಟ ರಕ್ತ ರೋಗಿಗೆ ಬಳಕೆಯಾದಾಗ ಅವರ ಮೊಬೈಲಿಗೆ ಒಂದು ಸಂದೇಶ ಹೋಗುತ್ತದೆ. ಖರ್ಚು ಅತ್ಯಲ್ಪ, ದಾನಿಗೆ ಅದು ಯಾವ ಪ್ರಶಸ್ತಿಪತ್ರಕ್ಕಿಂತ ಕಡಿಮೆ?

ಬಂದವರನ್ನು ಉಳಿಸಿಕೊಂಡರೆ ಸಾಲದು, ಹೊಸಬರನ್ನೂ ಕರೆತರಬೇಕು. ನಮ್ಮ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆ 1969ರಿಂದ ನಡೆದುಬಂದಿದೆ. ಎರಡು ವರ್ಷದಲ್ಲಿ 240 ಗಂಟೆಗಳ ಸೇವೆ, ಜೊತೆಗೊಂದು ವಿಶೇಷ ಶಿಬಿರ ಮುಗಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ. ಸೇವೆಯ ರುಚಿ ಕಂಡ ಈ ಹುಡುಗ ಹುಡುಗಿಯರನ್ನು ಕಾಲೇಜು ಬಿಟ್ಟ ಮೇಲೆ ಊರಿನ ಸಂಸ್ಥೆಗಳು ಹುಡುಕಿ ಕರೆಯಬೇಕು.

ಸಂಸ್ಥೆ ನಡೆಸುವವರಲ್ಲಿ ಒಂದು ವಿನಂತಿ: ಫಲಿತಾಂಶ ಬಂದ ದಿನವೇ ಸ್ಕ್ರೈಬ್‌ಗೆ ಫೋನ್ ಮಾಡಿ, ‘ನಿಮ್ಮ ಹುಡುಗ ಪಾಸಾದ’ ಎಂದು ಹೇಳಿ. ಸಾಧ್ಯವಾದರೆ ಆ ಹುಡುಗನೇ ಮಾತಾಡಲಿ.