ನಕ್ಷೆಯ 2.30 ಎಕರೆ, ಪಹಣಿಯ 2-30 ಅಲ್ಲ!

ಜಮೀನಿನ ನಕ್ಷೆಯನ್ನು ಆಟೋಕ್ಯಾಡ್‌ನಲ್ಲಿ ಬರೆಸಿದ್ದೀರಾ? ಹಾಗಾದ್ರೆ ಎಕರೆ ಲೆಕ್ಕವನ್ನ ಒಮ್ಮೆ ನೀವೇ ಮೊಬೈಲ್‌ನಲ್ಲಿ ಮಾಡಿ ನೋಡಿ. ನಾನು ಹೊಲದ ಗಡಿಯನ್ನು ಒಂದೇ ಪಾಲಿಲೈನ್ ಆಗಿ ಎಳೆದು, ಮೊದಲ ಮೂಲೆಗೇ ತಂದು ಮುಚ್ಚುತ್ತೇನೆ. ಆಮೇಲೆ 'ಏರಿಯಾ' ಕಮಾಂಡ್ ಕೊಟ್ರೆ ವಿಸ್ತೀರ್ಣ ಬರುತ್ತೆ. ಚದರ ಮೀಟರ್ ಇದ್ದರೆ 4046.86ರಿಂದ, ಚದರ ಅಡಿ ಇದ್ದರೆ 43,560ರಿಂದ ಭಾಗಿಸಿ, ಎಕರೆ ಸಿಗುತ್ತೆ.

ಎಡವಟ್ಟಾಗೋದು ಇದಾದ ಮೇಲೆ. ಉತ್ತರ 2.30 ಬಂತು ಅಂತಿಟ್ಕೊಳ್ಳಿ. ಅದು 2 ಎಕರೆ 30 ಗುಂಟೆ ಅಲ್ಲ. ಎಕರೆಗೆ 40 ಗುಂಟೆ ಆದ್ದರಿಂದ 0.30ನ್ನು 40ರಿಂದ ಗುಣಿಸಿ: 12 ಗುಂಟೆ. ಪಹಣಿಯ 2-30 ಅಂದ್ರೆ 2.75 ಎಕರೆ. ವ್ಯತ್ಯಾಸ 18 ಗುಂಟೆ! ಕ್ರಯದ ಕರಾರಿಗೆ ಸಹಿ ಹಾಕೋ ಮುಂಚೆ, ನಕ್ಷೆ ಮೇಲೆ '2 ಎಕರೆ 12 ಗುಂಟೆ' ಅಂತ ಬಿಡಿಸಿ ಬರೆಸಿ.