ಊರ ತಂಡದ ಅಭಿಮಾನ

ಕಾಲ್ಚೆಂಡಾಟವೆಂದರೆ ಈಗಿನ ಮಕ್ಕಳಿಗೆ ದೂರದರ್ಶನದಲ್ಲಿ ಕಾಣುವ ಪರದೇಶದ ತಂಡಗಳೇ. ನಮಗಾದರೋ ಯಲಹಂಕದ ರೈಲು ಗಾಲಿ ಕಾರ್ಖಾನೆಯ ತಂಡವೇ ಸ್ವಂತದ್ದು. 1984ರಲ್ಲಿ ಕಾರ್ಯಾರಂಭ ಮಾಡಿದ ಆ ಕಾರ್ಖಾನೆಯ ತಂಡವು ಬೆಂಗಳೂರಿನ ಸೂಪರ್ ಡಿವಿಷನ್ ಲೀಗಿನಲ್ಲಿ ಆಡುತ್ತಿದ್ದ ವರ್ಷಗಳಲ್ಲಿ, ಆಟದ ದಿನ ನಾವು ಬೇಗನೆ ಊಟ ಮುಗಿಸಿ, ಬಸ್ಸು ಹತ್ತಿ, ಹೆಬ್ಬಾಳವನ್ನು ದಾಟಿ ಅಶೋಕನಗರದ ಕ್ರೀಡಾಂಗಣವನ್ನು ಸೇರುತ್ತಿದ್ದೆವು.

ಒಮ್ಮೆ ಮೊಮ್ಮಗನೂ ಜೊತೆಗೆ ಬಂದನು. ಕಲ್ಲಿನ ಮೆಟ್ಟಿಲುಗಳು ಬಹುಪಾಲು ಬರಿದು, ಮೇಲೆ ಉರಿಬಿಸಿಲು. ಪಟ್ಟಿಯ ತಳಕ್ಕಿಳಿದ ತಂಡಕ್ಕೆ ಕೆಳಗಿನ ಡಿವಿಷನ್ನೇ ಗತಿಯಾದ್ದರಿಂದ ಅಂದಿನ ಗೆಲವು ಅತ್ಯಗತ್ಯವಾಗಿತ್ತು. ನಮ್ಮವರು ಎರಡು ಗೋಲುಗಳಿಂದ ಸೋತರು.

“ತಾತ, ಸೋಲುವವರನ್ನು ನೋಡಲು ಇಷ್ಟು ದೂರ ಬರಬೇಕೆ?” ಎಂದನು ಹುಡುಗ.

ನಾವು ಅವನಿಗೆ ಬೆಂಗಳೂರು ಮುಸ್ಲಿಮ್ಸ್ ತಂಡದ ಕಥೆಯನ್ನು ಹೇಳಿದೆವು. ಮುಂಬಯಿಯ ರೋವರ್ಸ್ ಕಪ್ಪನ್ನು 1937, 1938 ಮತ್ತು 1948ರಲ್ಲಿ ಗೆದ್ದು ತಂದವರು ನಮ್ಮ ನಗರದವರೇ ಆದ ಆ ಆಟಗಾರರು. ಗೆದ್ದ ದಿನ ಕೊಂಡಾಡುವವರು ಸಾವಿರ. ಸೋತ ದಿನಗಳಲ್ಲಿ ಮೆಟ್ಟಿಲ ಮೇಲೆ ಕುಳಿತವರ ಹೆಸರು ಯಾವ ಪತ್ರಿಕೆಯಲ್ಲಿಯೂ ಬಾರದು. ಹುಡುಗನಿಗೆ ಸಮಾಧಾನವಾದಂತೆ ತೋರಲಿಲ್ಲ.

ಮರುದಿನ ಬೆಳಗ್ಗೆ ಹಾಲಿನಂಗಡಿಯಲ್ಲಿ ನಮ್ಮ ಮುಂದೆ ನಿಂತಿದ್ದವನು ಆ ತಂಡದ ಗೋಲಿಯೇ. ತಿರುಗಿ ನೋಡಿ, “ಏನು ಮರಿ, ನಿನ್ನೆ ಬಂದಿದ್ದೆಯಲ್ಲವೆ?” ಎಂದು ಬೆನ್ನು ತಟ್ಟಿದನು. ಪರದೇಶದ ಯಾವ ವೀರನು ನಮ್ಮನ್ನು ಹೀಗೆ ಗುರುತಿಸಿಯಾನು? ದಾರಿಯುದ್ದಕ್ಕೂ ಹುಡುಗನು ಕೇಳಿದ್ದು ಒಂದೇ ಪ್ರಶ್ನೆ: ಮುಂದಿನ ಆಟ ಎಂದು?