ಪುಳಿಗೆರೆಯ ಕಂಬದ ಮೇಲೊಂದು ಸಂವಿಧಾನ

ಸರ್ಕಾರದವರು ಏನು ಮಾಡಬೇಕು ಎಂಬುದನ್ನು ಮೊದಲು ಬರೆದು, ಜನರು ಎಷ್ಟು ತೆರಬೇಕು ಎಂಬುದನ್ನು ಆಮೇಲೆ ಬರೆದ ದಾಖಲೆಗಳು ಜಗತ್ತಿನಲ್ಲಿ ಎಷ್ಟಿದ್ದಾವು? ಅವುಗಳಲ್ಲಿ ಹದಿಮೂರು ನೂರು ವರ್ಷ ಹಳೆಯವು ಎಷ್ಟು? ಅದರಲ್ಲೂ ಕನ್ನಡದಲ್ಲಿ ಇರುವುದು? ಒಂದಂತೂ ಇದೆ. ಅದು ಸಿಕ್ಕಿದ್ದು ಗದಗದಿಂದ ಬಸ್ಸು ಹತ್ತಿದರೆ ಒಂದು ತಾಸಿನ ಆಚೀಚೆ ಇಳಿಯಬಹುದಾದ ಲಕ್ಷ್ಮೇಶ್ವರದಲ್ಲಿ, ಕಲ್ಲಿನ ಕಂಬವೊಂದರ ಮೇಲೆ!

ಇದನ್ನು ಓದಿದಾಗಿನಿಂದ ನನಗೆ ಕುಂತಲ್ಲಿ ಕುಂದರಲು ಆಗುತ್ತಿಲ್ಲ. ಅಮೆರಿಕದ ಸಂವಿಧಾನದ ಮೂಲತತ್ವಗಳನ್ನು ನಾವು ಪೌರನೀತಿ ಪುಸ್ತಕದಲ್ಲಿ ಬಾಯಿಪಾಠ ಮಾಡಿದವರು. ಅಧಿಕಾರಕ್ಕೆ ಬರೆದಿಟ್ಟ ಮಿತಿ ಇರಬೇಕು, ಮೇಲಿನವರ ಪಾಲು ಮತ್ತು ಕೆಳಗಿನವರ ಪಾಲು ಬೇರೆಬೇರೆ ಇರಬೇಕು, ಮನೆ ಮತ್ತು ಆಸ್ತಿ ಆಳುವವನ ಮನಸ್ಸಿಗೆ ಬಂದಂತೆ ಹೋಗಬಾರದು. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದ ಒಂದು ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತವರು ಇವನ್ನು ನಾಲ್ಕು ಚರ್ಮದ ಹಾಳೆಗಳಲ್ಲಿ ಬರೆದರು. ಸೆಪ್ಟೆಂಬರ್ 17ರಂದು 39 ಮಂದಿ ಸಹಿ ಹಾಕಿದರು. ಇಂಗ್ಲೆಂಡಿನ ಮ್ಯಾಗ್ನಾ ಕಾರ್ಟಾ ಅದಕ್ಕೂ ಹಳೆಯದು, 1215ರದು. ನಮ್ಮ ಲಕ್ಷ್ಮೇಶ್ವರದ ಕಂಬ? ಸುಮಾರು 725. ಮ್ಯಾಗ್ನಾ ಕಾರ್ಟಾಕ್ಕಿಂತ ಹತ್ತಿರಹತ್ತಿರ ಐದು ನೂರು ವರ್ಷ, ಫಿಲಡೆಲ್ಫಿಯಾದ ಹಾಳೆಗಳಿಗಿಂತ ಸಾವಿರ ವರ್ಷಕ್ಕೂ ಮೊದಲು!

ಆಗ ಊರಿನ ಹೆಸರು ಪೊರಿಗೆರೆ, ಅಂದರೆ ಪುಳಿಗೆರೆ. ಪುಳಿಗೆರೆ ಮುನ್ನೂರು ಎಂಬ ನಾಡಿನ ತಲೆಯೂರು. ಕವಿರಾಜಮಾರ್ಗ ಕನ್ನಡದ ತಿರುಳನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. ಪಂಪ ತನ್ನ ಕಾವ್ಯದ ಕನ್ನಡ ಪುಳಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಯಿಂದ ಹೇಳಿಕೊಂಡ. ಅವರಿಬ್ಬರಿಗಿಂತಲೂ ಮೊದಲೇ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಈ ಊರಿನವರಿಗೆ ಒಂದು ‘ಆಚಾರವ್ಯವಸ್ಥೆ’ಯನ್ನು ಕಟ್ಟಿಕೊಟ್ಟ. ಅಪ್ಪ ವಿಜಯಾದಿತ್ಯ ಇನ್ನೂ ಗದ್ದುಗೆಯ ಮೇಲಿದ್ದ. ಮಗ ಮುಂದೆ 733ರ ಸುಮಾರಿಗೆ ಇಮ್ಮಡಿ ವಿಕ್ರಮಾದಿತ್ಯನಾಗಿ ಪಟ್ಟಕ್ಕೆ ಬಂದ.

ಯಾರಿಗೆ ಕೊಟ್ಟ? ಯಾವುದೋ ಒಂದು ಗುಡಿಗಲ್ಲ, ಒಬ್ಬ ವಿದ್ವಾಂಸನಿಗಲ್ಲ, ಯುದ್ಧ ಗೆದ್ದ ದಂಡನಾಯಕನಿಗಲ್ಲ. ಮಹಾಜನರಿಗೆ, ನಗರದವರಿಗೆ, ಹದಿನೆಂಟು ಪ್ರಕೃತಿಗಳಿಗೆ. ಓದಿದವರ ಸಭೆ, ವರ್ತಕರ ಕೂಟ, ಕಸುಬುಗಳ ಎಲ್ಲ ಸಮುದಾಯಗಳು. ಒಂದೇ ಮಾತಿನಲ್ಲಿ, ಊರಿಗೆ ಊರೇ! ನಾಡಿನ ತುಂಬ ಸಾವಿರಾರು ಶಾಸನಗಳಿವೆ, ಬಹಳಷ್ಟು ದಾನಶಾಸನಗಳು, ವೀರಗಲ್ಲುಗಳು. ಇಡೀ ಊರನ್ನೇ ಎದುರಿನ ಪಕ್ಷವನ್ನಾಗಿ ಕೂರಿಸಿಕೊಂಡು ಮಾತು ಬರೆದುಕೊಟ್ಟ ಕಲ್ಲು ಅಪರೂಪ.

ಈಗ ಒಳಗೇನಿದೆ ನೋಡಿ. ಮೊದಲ ಮಾತೇ ರಾಜಪುರುಷರಿಗೆ, ಅಂದರೆ ಇಂದಿನ ಭಾಷೆಯಲ್ಲಿ ಸರ್ಕಾರಿ ನೌಕರರಿಗೆ. ಅವರು ಏನೇನನ್ನು ಕಾಪಾಡಬೇಕು ಎಂಬುದರ ಪಟ್ಟಿ ಅದು. ವಾಸವಿಲ್ಲದ ಮನೆಗಳು. ರಾಜ ಕೊಟ್ಟ ದತ್ತಿ. ರಾಜನ ಘೋಷಣೆ. ಸಜ್ಜನರ ಸಾಕ್ಷಿಯ ಮಾತು. ನಡೆದುಬಂದ ಕಟ್ಟುಪಾಡು. ತಾಮ್ರಶಾಸನಗಳು. ಅನುಭೋಗದಲ್ಲಿ ಬಂದ ಆಸ್ತಿಯ ಮುಂದುವರಿದ ಅನುಭೋಗ. ಐದು ಧರ್ಮಗಳ ಬಾಳು.

ಮೊದಲನೆಯದನ್ನೇ ಇನ್ನೊಮ್ಮೆ ಓದಿ. ಖಾಲಿ ಮನೆಗಳು! ಅರಮನೆಯ ವೈಭವವಲ್ಲ, ಗಡಿಯ ಕಾವಲಲ್ಲ, ಬೀಗ ಬಿದ್ದ ಮನೆ. ಮುಂಡರಗಿ, ಶಿರಹಟ್ಟಿ ಕಡೆಯ ಊರುಗಳಲ್ಲಿ ಮಳೆ ಕೈಕೊಟ್ಟ ವರ್ಷ ಬೀದಿಗೆ ಬೀದಿಯೇ ಬೀಗ ಹಾಕಿಕೊಂಡು ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗುವುದನ್ನು ಕಂಡವರಿಗೆ ಈ ಸಾಲಿನ ತೂಕ ಬೇರೆಯವರು ವಿವರಿಸಬೇಕಾಗಿಲ್ಲ. ಮನೆಯವನು ಊರಲ್ಲಿಲ್ಲ, ಕೇಳುವವರಿಲ್ಲ. ಅಂಥ ಮನೆಯ ಹೊಣೆ ರಾಜನ ಆಳುಗಳದು ಎಂದು ಕಂಬ ಹೇಳುತ್ತದೆ. ಅತ್ತ ಅಮೆರಿಕದವರು 1791ರಲ್ಲಿ ಹಕ್ಕುಗಳ ಮಸೂದೆಯನ್ನು ಸೇರಿಸಿಕೊಂಡಾಗ ಅದರ ಮೂರನೆಯ ತಿದ್ದುಪಡಿ ಯಾವುದರ ಬಗ್ಗೆ ಗೊತ್ತೇ? ಅದೂ ಮನೆಯದೇ! ಶಾಂತಿಯ ಕಾಲದಲ್ಲಿ ಒಡೆಯನ ಒಪ್ಪಿಗೆಯಿಲ್ಲದೆ ಯಾರ ಮನೆಯಲ್ಲೂ ಸಿಪಾಯಿಗಳನ್ನು ಇಳಿಸುವಂತಿಲ್ಲ. ಬ್ರಿಟಿಷ್ ಸೈನಿಕರ ಬಿಡಾರದ ಕಾಟ ಉಂಡವರು ಬರೆದ ಮಾತು. ಎರಡು ಖಂಡ, ನಡುವೆ ಸಾವಿರ ವರ್ಷ. ಅಧಿಕಾರ ಹೊಸಿಲು ದಾಟಿ ಒಳಬರುವುದರ ಅಂಜಿಕೆ ಎರಡೂ ಕಡೆ ಒಂದೇ.

ಇನ್ನು ಅನುಭೋಗದ ಮಾತು. ಗದಗ, ಧಾರವಾಡದ ಕೋರ್ಟಿನ ಅಂಗಳದಲ್ಲಿ ಉತಾರದ ಕಾಗದ ಹಿಡಿದು ನಿಂತವರೆಲ್ಲ ಇವತ್ತಿಗೂ ಜಗಳಾಡುತ್ತಿರುವುದು ಇದೇ ಪ್ರಶ್ನೆಗೆ: ಕಬ್ಜಾ ಯಾರದು, ಎಷ್ಟು ವರ್ಷದಿಂದ? ತಲೆಮಾರಿನಿಂದ ಉಳುತ್ತ ಬಂದವನನ್ನು ಹೊಸ ಅಧಿಕಾರಿ ಬಂದು ಎಬ್ಬಿಸಬಾರದು ಎಂಬ ಭರವಸೆಗೆ ಅಮೆರಿಕದಲ್ಲಿ ಐದನೆಯ ತಿದ್ದುಪಡಿ ಬೇಕಾಯಿತು. ಪುಳಿಗೆರೆಯಲ್ಲಿ ಅದು ರಾಜಪುರುಷರ ಕೆಲಸದ ಪಟ್ಟಿಯಲ್ಲೇ ಬಂದುಬಿಟ್ಟಿದೆ. ಇನ್ನೂ ಸೋಜಿಗದ್ದೆಂದರೆ ಆ ಪಟ್ಟಿಯಲ್ಲಿ ಕಟ್ಟುಪಾಡೂ ಸೇರಿದೆ. ರಾಜನ ಆಳುಗಳು ಕಾಪಾಡಬೇಕಾದ್ದರಲ್ಲಿ ಅವರನ್ನೇ ಕಟ್ಟಿಹಾಕುವ ನಿಯಮವೂ ಒಂದು!

ಇಷ್ಟೆಲ್ಲ ಆದಮೇಲೆ ತೆರಿಗೆ. ಅದೂ ಸುಮ್ಮನೆ ‘ಕೊಡಿ’ ಎಂದಲ್ಲ. ಎಲ್ಲ ಒಕ್ಕಲುಗಳೂ ವೈಶಾಖ ಮಾಸದಲ್ಲಿ ದೇಶಾಧಿಪತಿಗೆ ತೆರಬೇಕು. ಕುಳಕ್ಕೆ ತಕ್ಕ ದರ. ದೊಡ್ಡವರು ಹತ್ತು ಪಣ, ನಡುವಿನವರು ಏಳು, ಅವರಿಗಿಂತ ಕೆಳಗಿನವರು ಐದು, ಕಡೆಯವರು ಮೂರು. ಉಳ್ಳವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ ಎಂಬ ಮೆಟ್ಟಿಲು ಮೆಟ್ಟಿಲಾದ ಕರ! ಅಮೆರಿಕ ಮೊದಲ ಸಲ ಆದಾಯ ತೆರಿಗೆ ಹಾಕಿದ್ದೇ 1861ರಲ್ಲಿ, ಅಂತರ್ಯುದ್ಧದ ಖರ್ಚಿಗೆ.

ಮುಂದಿನದು ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ ಸಾಲು. ಕಾರ್ತಿಕ ಮಾಸದಲ್ಲಿ ತೆರುವುದು ಬೇರೆ ಇದೆ, ಅದು ದೇಶಾಧಿಪತಿಗಲ್ಲ, ಸೇಣಿಗೆ. ಸೇಣಿ ಅಂದರೆ ಕಸುಬುದಾರರ ಸಂಘ. ಶಾಸನದಲ್ಲಿ ಕಂಚಗಾರ ಸೇಣಿಯ ಹೆಸರೇ ಇದೆ. ಕಂಚಿನ ಕೆಲಸದವರ ಸಂಘ ಕರ ವಸೂಲಿ ಮಾಡುವ ಸಂಸ್ಥೆ! ಕಳವಿಗೆ, ಸಣ್ಣಪುಟ್ಟ ತಪ್ಪಿಗೆ, ದಶಾಪರಾಧಗಳಿಗೆ ಹಾಕಿದ ದಂಡ, ಮಕ್ಕಳಿಲ್ಲದೆ ತೀರಿಕೊಂಡವರ ಸೊತ್ತು, ಇವು ಕೂಡ ಸೇಣಿಯ ಪಾಲಿಗೆ. ಬೇರೆ ಕಡೆಯ ರಾಜರು ನೆಟ್ಟಗಣ್ಣಿನಿಂದ ಕಾಯುತ್ತಿದ್ದುದೇ ಈ ವಾರಸುದಾರರಿಲ್ಲದ ಆಸ್ತಿಗೆ. ಇಲ್ಲಿ ಅದನ್ನೂ ಊರಿಗೆ ಬಿಟ್ಟುಕೊಟ್ಟಿದ್ದಾರೆ. ನಾಡಿನ ಅಧಿಕಾರಿಗೆ ಒಂದು ತಿಂಗಳು, ಊರಿನ ಸಂಸ್ಥೆಗೆ ಇನ್ನೊಂದು. ಅವನ ಬೊಕ್ಕಸ ಬೇರೆ, ಇವರ ಪೆಟ್ಟಿಗೆ ಬೇರೆ. ವಾಷಿಂಗ್ಟನ್ನಿಗೂ ರಾಜ್ಯಗಳಿಗೂ ನಡುವಿನ ಗೆರೆ ಎಲ್ಲಿ ಎಂದು ಅಮೆರಿಕದವರು ಹತ್ತನೆಯ ತಿದ್ದುಪಡಿಯಿಂದ ಹಿಡಿದು ಇವತ್ತಿನವರೆಗೆ ವಾದಿಸುತ್ತಿರುವ ವಿಷಯ ಇದೇ ಅಲ್ಲವೇ! ತಿಂಗಳುಗಳ ಆಯ್ಕೆಯಲ್ಲೂ ಲೆಕ್ಕಾಚಾರ ಇದ್ದಿರಬೇಕು ಎಂದು ನನ್ನ ಊಹೆ. ಎರಿ ಹೊಲದ ಹಿಂಗಾರಿ ಫಸಲು ಮನೆಗೆ ಬಂದು ಕೈಯಲ್ಲಿ ನಾಲ್ಕು ಕಾಸು ಆಡುವುದು ವೈಶಾಖದ ಹೊತ್ತಿಗೆ, ಮುಂಗಾರಿಯದು ಕಾರ್ತಿಕಕ್ಕೆ.

ಹಾಗಂತ ಇದೇ ಪ್ರಜಾಪ್ರಭುತ್ವ ಎಂದು ಡಂಗುರ ಹೊಡೆಯುವುದು ಬೇಡ. ಇದು ಮೇಲಿನಿಂದ ಇಳಿದುಬಂದದ್ದು. ಫಿಲಡೆಲ್ಫಿಯಾದ ಹಾಳೆ ‘ಜನರಾದ ನಾವು’ ಎಂದು ಶುರುವಾದರೆ ಪುಳಿಗೆರೆಯ ಕಂಬದಲ್ಲಿ ಕೊಡುವವನು ಯುವರಾಜ. ಮತದಾನವಿಲ್ಲ. ಹದಿನೆಂಟು ಪ್ರಕೃತಿಗಳ ಸಾಲಿನಲ್ಲಿ ನಿಲ್ಲಲೂ ಆಗದವರು ಆ ಊರಿನ ಅಂಚಿನಲ್ಲಿ ಇದ್ದೇ ಇದ್ದರು. ಆದರೆ ಆ ಕಡೆಯವರೂ ಬೀಗುವಂತಿಲ್ಲ: ‘ಜನರಾದ ನಾವು’ ಎಂದವರೇ ಗುಲಾಮರನ್ನು ಐದರಲ್ಲಿ ಮೂರು ಪಾಲು ಎಂದು ಎಣಿಸಿದರು, ಹೆಂಗಸರಿಗೆ ದೇಶದ ತುಂಬ ಮತ ಸಿಗಲು 1920 ಬರಬೇಕಾಯಿತು.

ಬರೆದುಕೊಟ್ಟರೆ ಆಯಿತೇ, ನಡೆದುಕೊಂಡನೇ ಆ ಯುವರಾಜ? ಇಲ್ಲಿ ಕಥೆ ಇನ್ನೂ ರಂಗೇರುತ್ತದೆ. ರಾಜನಾದ ಮೇಲೆ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ. ಪಲ್ಲವರು ಹಿಂದೆ ಇವನ ಪೂರ್ವಜರ ಬಾದಾಮಿಯನ್ನು ಹಾಳುಗೆಡವಿದವರು, ಸೇಡಿಗೆ ಎಲ್ಲ ಕಾರಣವೂ ಇತ್ತು. ಅವನು ಮಾಡಿದ್ದೇನು? ಕೈಲಾಸನಾಥ ಗುಡಿಯ ಸಂಪತ್ತನ್ನು ಗುಡಿಗೇ ಮರಳಿಸಿದ, ಹಾಗೆಂದು ತಮಿಳುನಾಡಿನ ನಡುವೆ ಕನ್ನಡದಲ್ಲಿ ಶಾಸನ ಕೊರೆಸಿದ. ಇವತ್ತಿಗೂ ಕಂಚಿಗೆ ಹೋದವರು ಅದನ್ನು ನೋಡಬಹುದು. ಅನುಭೋಗದಲ್ಲಿದ್ದ ಆಸ್ತಿಯನ್ನು ಮುಟ್ಟಬಾರದು ಎಂದು ಪುಳಿಗೆರೆಯಲ್ಲಿ ಬರೆಸಿದ ಕೈ ಅದೇ! ಅವನ ರಾಣಿ ಲೋಕಮಹಾದೇವಿಯೂ ಕಡಿಮೆಯವಳಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ ಈಕೆ, ಮಾವ ವಿಜಯಾದಿತ್ಯ ಹಾಡುಗಾರರಿಗೆ ಕೊಟ್ಟಿದ್ದನ್ನು ತಾನೂ ಖಾಯಂ ಮಾಡಿದಳು ಎಂದು ಅಲ್ಲಿನ ಶಾಸನ ಹೇಳುತ್ತದೆ. ಹಿಂದಿನವರು ಕೊಟ್ಟ ಮಾತಿಗೆ ಮುಂದಿನವರು ಬದ್ಧರು. ಸರ್ಕಾರ ಬದಲಾದ ಕೂಡಲೇ ಹಳೆಯ ಯೋಜನೆಯ ಹೆಸರಿನ ಫಲಕ ಕಿತ್ತುಹಾಕುವ ಕಾಲದಲ್ಲಿ ಇದನ್ನು ಓದಿದರೆ ನಗುವೂ ಬರುತ್ತದೆ.

ನಮ್ಮವರು ಹಳೆಯ ಪ್ರಜಾಸತ್ತೆಯ ಮಾತು ಬಂದರೆ ತಮಿಳುನಾಡಿನ ಉತ್ತರಮೇರೂರನ್ನು ಹೆಸರಿಸುತ್ತಾರೆ. ಹೆಸರಿಸಲೇಬೇಕು, ಗಡಿಗೆಯಲ್ಲಿ ಓಲೆ ಹಾಕಿ ಸದಸ್ಯರನ್ನು ಆರಿಸಿದ ಆ ಚೋಳ ಶಾಸನಗಳು ಅದ್ಭುತ. ಆದರೆ ಅವು 919, 921ರವು. ನಮ್ಮ ಕಂಬಕ್ಕೆ ಆಗಲೇ ಇನ್ನೂರು ವರ್ಷ ತುಂಬುತ್ತ ಬಂದಿತ್ತು! ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಎಲ್.ಡಿ. ಬಾರ್ನೆಟ್ ಇದನ್ನು ಎಪಿಗ್ರಾಫಿಯಾ ಇಂಡಿಕಾದ 14ನೇ ಸಂಪುಟದಲ್ಲಿ ಅಚ್ಚು ಹಾಕಿಸಿ ನೂರು ವರ್ಷ ದಾಟಿದೆ, ಜಿ.ಎಸ್. ದೀಕ್ಷಿತರು ಕರ್ನಾಟಕದ ಸ್ಥಳೀಯ ಸ್ವಾಡಳಿತದ ಮೇಲೆ ಇಡೀ ಪುಸ್ತಕವನ್ನೇ ಬರೆದರು. ಆದರೂ ಲಕ್ಷ್ಮೇಶ್ವರದ ಸಂತೆಯಲ್ಲಿ ನಿಂತು ಕೇಳಿದರೆ ಸೋಮೇಶ್ವರ ಗುಡಿಯ ದಾರಿ ತೋರಿಸುತ್ತಾರೆ, ಶಂಖ ಬಸದಿ ತೋರಿಸುತ್ತಾರೆ, ಆದಿಲ್‌ಶಾಹಿ ಮಸೀದಿಯನ್ನೂ ತೋರಿಸುತ್ತಾರೆ. ಆಚಾರವ್ಯವಸ್ಥೆಯ ಹೆಸರು ಎತ್ತಿದರೆ ಮುಖ ಮುಖ ನೋಡುತ್ತಾರೆ.

ಇದು ಒಂಟಿ ಕಂಬವೂ ಅಲ್ಲ. ಗಜೇಂದ್ರಗಡದ ಹತ್ತಿರದ ಸೂಡಿಗೆ ಬನ್ನಿ. ಹನ್ನೊಂದನೆಯ ಶತಮಾನದ ನಡುವೆ ಚೋಳರ ಯುದ್ಧದಲ್ಲಿ ಆ ಊರಿನ ಕಟ್ಟುಪಾಡು ಮುರಿದುಬಿದ್ದಿತ್ತು. ಯುದ್ಧ ಮುಗಿದ ಮೇಲೆ ಎಂಟು ಶೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಅದನ್ನು ಹೊಸದಾಗಿ ಕಟ್ಟಿಕೊಟ್ಟ ದಾಖಲೆ ಅಲ್ಲಿನ ಕಲ್ಲಿನಲ್ಲಿದೆ. ಗೋಡೆಯಲ್ಲ, ಕೆರೆಯಲ್ಲ, ಊರಿನ ಆಡಳಿತದ ಜೀರ್ಣೋದ್ಧಾರ! ಮುಂಡರಗಿ ತಾಲೂಕಿನ ಡಂಬಳದಲ್ಲಿ 1095ರಲ್ಲಿ ಹದಿನಾರು ಶೆಟ್ಟಿಗಳು ಕೂಡಿ ಬೌದ್ಧ ವಿಹಾರ ಕಟ್ಟಿಸಿದ್ದರು. ಲಕ್ಕುಂಡಿಗೆ ಸಾವಿರ ಮಹಾಜನರಿದ್ದರು. ಈ ನೆಲದಲ್ಲಿ ಜನ ಗುಂಪಾಗಿ ಕೂತು ತಮ್ಮ ಕೆಲಸ ತಾವು ನಡೆಸಿಕೊಳ್ಳುವುದು ಒಂದು ಚಾಳಿಯಾಗಿತ್ತು ಅನ್ನಿ.

ಆ ಚಾಳಿ ಆಮೇಲೆ ಸಂಸ್ಥಾನಗಳ ಕಾಲದಲ್ಲಿ ಹರಿದು ಹಂಚಿಹೋಯಿತು: ಲಕ್ಷ್ಮೇಶ್ವರ ಮಿರಜದ ಪಾಲು, ಶಿರಹಟ್ಟಿ ಸಾಂಗಲಿಯದು, ಗದಗ ಕಂಪನಿ ಸರ್ಕಾರದ್ದು. ಆದರೆ ಸತ್ತಿರಲಿಲ್ಲ. 1905ರಲ್ಲಿ, ಸಹಕಾರ ಕಾಯ್ದೆ ಬಂದ ಮರುವರ್ಷವೇ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಾಯಿಸಿದರು. ದೇಶಕ್ಕೇ ಮೊದಲನೆಯದು ಎಂದು ಅದಕ್ಕೆ ಹೆಸರು. ಸಾಲ ಯಾರಿಗೆ, ಎಷ್ಟು, ಬಡ್ಡಿ ಏನು ಎಂಬುದು ಸಾಹುಕಾರನ ಪಡಸಾಲೆಯಿಂದ ಹೊರಬಂದು ಸಭೆಯ ಮುಂದೆ ಕೂತಿತು. ವಿಕ್ರಮಾದಿತ್ಯನ ಕಂಬ ಹತ್ತು ಪಣ ತೆರುವವನನ್ನೂ ಮೂರು ಪಣ ತೆರುವವನನ್ನೂ ಬೇರೆಬೇರೆ ಸಾಲಿನಲ್ಲಿ ನಿಲ್ಲಿಸಿತ್ತಲ್ಲ. ಸಹಕಾರಿ ತತ್ವ ಅದರಾಚೆಗೆ ಒಂದು ಹೆಜ್ಜೆ ಇಟ್ಟಿತು. ಹೊಲ ಎಷ್ಟು ಎಕರೆಯಾದರೂ ಇರಲಿ, ಸದಸ್ಯನಿಗೆ ಒಂದೇ ಮತ.